ವ್ಯಸನವೂ ವಂಶವೂ

(ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಸಂಖದಲ್ಲಿ ಮಾಡಿದ ಭಾಷಣದ ಬರಹರೂಪ)



ಗಡಿನಾಡಿನ ಕನ್ನಡ ಸಂಘದ ವೇದಿಕೆಯ ಮೇಲೆ ನಿಂತವರು ನಾಡು-ನುಡಿಗಳ ವಿಷಯವಾಗಿ ನಾಲ್ಕು ಮಾತು ಆಡುವದು ವಾಡಿಕೆ. ಆ ವಾಡಿಕೆಯನ್ನು ನಾನು ಇಂದು ಸ್ವಲ್ಪ ಮೀರುತ್ತಿದ್ದೇನೆ. ಮದ್ಯ, ತಂಬಾಕು ಮೊದಲಾದ ವ್ಯಸನಗಳು ಮನುಷ್ಯನ ಮಿದುಳಿನಲ್ಲಿ ಹೇಗೆ ಬೇರೂರುತ್ತವೆ, ಅವು ತಂದೆಯಿಂದ ಮಗನಿಗೆ ಬರುವವೋ ಇಲ್ಲವೋ ಎಂಬ ವಿಷಯವನ್ನು ಆಯ್ದುಕೊಂಡಿದ್ದೇನೆಂದು ತಿಳಿಸಿದಾಗ, ಸಂಘದ ಗೆಳೆಯರೊಬ್ಬರು, "ಗುರುಗಳ, ಹಬ್ಬದ ದಿವಸ ಇದ್ಯಾಕ್ರಿ?" ಎಂದು ಕೇಳಿದರು. ಅವರ ಪ್ರಶ್ನೆ ಸಹಜವಾದುದೇ. ಅದಕ್ಕೆ ಉತ್ತರವನ್ನು ಮೊದಲು ಹೇಳಿ, ಆಮೇಲೆ ವಿಷಯಕ್ಕೆ ಬರುತ್ತೇನೆ.

ಕಳೆದ ವರ್ಷ ಹತ್ತನೆಯ ಇಯತ್ತೆಯಲ್ಲಿ ಓದುತ್ತಿದ್ದ ಹುಡುಗನೊಬ್ಬನು ಸಂಜೆಯ ಹೊತ್ತು ನನ್ನ ಮನೆಯ ಕಟ್ಟೆಯ ಹತ್ತಿರ ಬಂದು ನಿಂತನು. ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ತಲೆ ತಗ್ಗಿಸಿಕೊಂಡೇ, "ಗುರುಗಳ, ಇದು ನಮ್ಮ ರಕ್ತದಾಗ ಐತಿ ಅಂತಾರ. ಖರೇ ಏನ್ರಿ?" ಎಂದು ಕೇಳಿದನು. ಏನು ರಕ್ತದಲ್ಲಿರುವದೆಂದು ನಾನು ಕೇಳಬೇಕಾಗಿರಲಿಲ್ಲ. ಆ ಹುಡುಗನ ಅಜ್ಜನು ಕುಡಿತದಿಂದಲೇ ತೀರಿಕೊಂಡವನು. ತಂದೆಯೂ ಹಲವು ವರ್ಷ ಕುಡಿದು, ಬಿಟ್ಟು, ಮತ್ತೆ ಹಿಡಿದು, ದವಾಖಾನೆಯ ಉಪಚಾರದಿಂದ ಈಗ ಕೆಲ ಕಾಲದಿಂದ ದೂರವಿರುವನು. ಊರವರು ಆಡಿದ ಮಾತು ಹುಡುಗನ ಕಿವಿಗೆ ಬಿದ್ದಿತ್ತು.

ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ. ಏಕೆಂದರೆ ಆ ಹುಡುಗನ ತಂದೆಯೂ ನನ್ನ ವಿದ್ಯಾರ್ಥಿಯೇ. ಅವನು ಬುದ್ಧಿವಂತ, ಆದರೆ ಒಂದು ಗಳಿಗೆ ಕುಳಿತಲ್ಲಿ ಕೂಡಲಾರದವನು, ಕೇಳುವ ಮೊದಲೇ ಉತ್ತರ ಕೂಗುವವನು, ಬೇಡವೆಂದದ್ದನ್ನೇ ಮಾಡುವವನು. ಒಂದು ದಿನ ನನ್ನ ತಾಳ್ಮೆ ತಪ್ಪಿ, ಇಡೀ ವರ್ಗದ ಮುಂದೆ, "ನೂಲಿನಂತೆ ಸೀರೆ. ಅಪ್ಪನ ಹಾದಿ ಹಿಡಿಯಾವನಿಗೆ ಸಾಲಿ ಯಾಕ ಬೇಕೋ?" ಎಂದುಬಿಟ್ಟೆ. ಹುಡುಗರೆಲ್ಲ ನಕ್ಕರು. ಕೆಲವೇ ವಾರಗಳಲ್ಲಿ ಅವನು ಶಾಲೆಯನ್ನು ಬಿಟ್ಟು, ಕಬ್ಬು ಕಡಿಯುವ ಟೋಳಿಯೊಂದಿಗೆ ಘಟ್ಟದ ಕಡೆಗೆ ಹೋದನು. ಅವನು ಕುಡಿತಕ್ಕೆ ಬಿದ್ದುದು ನನ್ನ ಮಾತಿನಿಂದಲೇ ಎಂದು ನಾನು ಹೇಳಲಾರೆ. ಅಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ. ಹೆಸರು ಹೇಳದೆ ಈ ಮಾತನ್ನು ಸಭೆಯಲ್ಲಿ ಹೇಳಲು ಅವನೇ ಒಪ್ಪಿಗೆ ಕೊಟ್ಟಿರುವನು. ಅವನ ಮಗನು ಕೇಳಿದ ಪ್ರಶ್ನೆಗೆ ಅಂದು ನಾನು ಅರ್ಧ ಉತ್ತರ ಕೊಟ್ಟೆ. ಪೂರ್ತಿ ಉತ್ತರಕ್ಕಾಗಿ ಒಂದು ವರ್ಷ ಓದಿದೆ, ತಿಳಿದವರನ್ನು ಕೇಳಿದೆ. ಇಂದಿನ ಈ ಭಾಷಣವೇ ಆ ಉತ್ತರ. ನಮ್ಮ ಭಾಷೆಯಲ್ಲಿ ನಮ್ಮ ಮನೆಗಳಿಗೆ ಮುಟ್ಟಬೇಕಾದ ತಿಳಿವಳಿಕೆ ಇದು. ಆದುದರಿಂದ ಕನ್ನಡ ಸಂಘದ ಉತ್ಸವಕ್ಕೆ ಇದು ಹೊರಗಿನದೆಂದು ನನಗೆ ತೋರಲಿಲ್ಲ.

ವ್ಯಸನದ ವಿಷಯವಾಗಿ ನಮ್ಮಲ್ಲಿ ಎರಡು ನಂಬಿಕೆಗಳು ಬಹುಕಾಲದಿಂದ ನಡೆದುಬಂದಿವೆ. ಕುಡಿಯುವದು ಬರಿಯ ಗುಣದೋಷ, ಮನಸ್ಸು ಗಟ್ಟಿಮಾಡಿದರೆ ನಾಳೆಯೇ ಬಿಡಬಹುದು ಎಂಬುದು ಒಂದು. ಅದು ವಂಶದ ಶಾಪ, ಹಣೆಬರಹ, ಏನು ಮಾಡಿದರೂ ತಪ್ಪದು ಎಂಬುದು ಇನ್ನೊಂದು. ವಿಚಿತ್ರವೆಂದರೆ ಒಬ್ಬನೇ ಮನುಷ್ಯನ ಬಗೆಗೆ ಒಂದೇ ಬಾಯಿಂದ ಈ ಎರಡೂ ಮಾತುಗಳು ಬರುತ್ತವೆ. ಮೊದಲನೆಯದರಿಂದ ಅವನನ್ನು ಜರಿಯುತ್ತೇವೆ. ಎರಡನೆಯದರಿಂದ ಅವನ ಮಕ್ಕಳಿಗೆ ಹೆಣ್ಣು ಕೊಡಲು ಹಿಂಜರಿಯುತ್ತೇವೆ. ಈ ಎರಡೂ ಪೂರ್ತಿ ನಿಜವಲ್ಲವೆಂಬುದನ್ನು ಕಳೆದ ಎಪ್ಪತ್ತು ವರ್ಷಗಳ ಸಂಶೋಧನೆ ತೋರಿಸಿಕೊಟ್ಟಿದೆ.

ಈ ಸಂಶೋಧನೆಯ ಕಥೆ ನಮಗೆ ಪರಿಚಿತವಾದ ಎರಡು ಸಸ್ಯಗಳಿಂದ ಆರಂಭವಾಗುತ್ತದೆ. ಮೊದಲನೆಯದು ಸರ್ಪಗಂಧ. ನಮ್ಮ ವೈದ್ಯರು ಹಿಂದಿನಿಂದಲೂ ಬಳಸುತ್ತ ಬಂದ ಈ ಬೇರು ರಕ್ತದೊತ್ತಡವನ್ನು ಇಳಿಸುವದೆಂದು ಮುಂಬಯಿಯ ಡಾ. ರುಸ್ತುಮ್ ಜಾಲ್ ವಕೀಲರು ೧೯೪೯ರಲ್ಲಿ ಇಂಗ್ಲೆಂಡಿನ ವೈದ್ಯಪತ್ರಿಕೆಯಲ್ಲಿ ಬರೆದು ಜಗತ್ತಿನ ಗಮನ ಸೆಳೆದರು. ೧೯೫೨ರಲ್ಲಿ ಆ ಬೇರಿನಿಂದ ರಿಸರ್ಪಿನ್ ಎಂಬ ದ್ರವ್ಯವನ್ನು ಬೇರ್ಪಡಿಸಲಾಯಿತು. ಎರಡನೆಯದು ಬೇಲಿಯ ಮೇಲೆ ಹಬ್ಬುವ, ಮೈಗೆ ತಾಗಿದರೆ ತುರಿಕೆ ಎಬ್ಬಿಸುವ ನಸುಗುನ್ನಿ. ಅದರ ಬೀಜದಲ್ಲಿ ಎಲ್-ಡೋಪಾ ಎಂಬ ದ್ರವ್ಯವಿರುವದನ್ನು ಮದ್ರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ೧೯೩೭ರಲ್ಲಿ ತೋರಿಸಿದ್ದರು.

೧೯೫೭ರಲ್ಲಿ ಸ್ವೀಡನ್ ದೇಶದ ಅರ್ವಿದ್ ಕಾರ್ಲ್‌ಸನ್ ಎಂಬವರು ಮೊಲಗಳಿಗೆ ರಿಸರ್ಪಿನ್ ಕೊಟ್ಟು ನೋಡಿದರು. ಮೊಲಗಳು ಕಿವಿ ಜೋಲಿಸಿ, ಅಲುಗಾಡದೆ ಬಿದ್ದುಕೊಂಡವು. ಆಮೇಲೆ ಎಲ್-ಡೋಪಾ ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿಯೇ ಅವು ಎದ್ದು ಓಡಾಡತೊಡಗಿದವು. ರಿಸರ್ಪಿನ್ ಮಿದುಳಿನಿಂದ ಒಂದು ದ್ರವ್ಯವನ್ನು ಬರಿದುಮಾಡಿತ್ತು. ಎಲ್-ಡೋಪಾ ಅದನ್ನು ಮತ್ತೆ ತುಂಬಿಕೊಟ್ಟಿತು. ಆ ದ್ರವ್ಯವೇ ಡೋಪಮಿನ್. ಮಿದುಳಿನಲ್ಲಿ ಒಂದು ನರಕೋಶವು ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವದು ಇಂಥ ದ್ರವ್ಯಗಳ ಮೂಲಕ. ಇವನ್ನು ಮಿದುಳಿನ ಅಂಚೆಯಾಳುಗಳೆಂದು ಕರೆಯಬಹುದು. ಈ ಶೋಧಕ್ಕಾಗಿ ಕಾರ್ಲ್‌ಸನ್ನರಿಗೆ ೨೦೦೦ದಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಅದಕ್ಕೂ ಮೂರು ವರ್ಷ ಮೊದಲು, ೧೯೫೪ರಲ್ಲಿ, ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬವರು ಇಲಿಯ ಮಿದುಳಿನಲ್ಲಿ ಕೂದಲಿನಷ್ಟು ತೆಳ್ಳಗಿನ ತಂತಿಯನ್ನು ಇಟ್ಟು ಪ್ರಯೋಗ ನಡೆಸಿದ್ದರು. ತಂತಿಯು ಉದ್ದೇಶಿಸಿದ ಸ್ಥಾನದಿಂದ ತುಸು ಸರಿದುಬಿಟ್ಟಿತ್ತು. ಅದರಲ್ಲಿ ಸಣ್ಣಗೆ ವಿದ್ಯುತ್ತನ್ನು ಹರಿಸಿದರೆ, ಹರಿಸಿದ ಮೂಲೆಗೇ ಇಲಿಯು ಮತ್ತೆ ಮತ್ತೆ ಮರಳಿ ಬರುತ್ತಿತ್ತು. ಅನಂತರ ಅವರು ಇಲಿಯು ತಾನೇ ಒತ್ತಬಹುದಾದ ಹಿಡಿಕೆಯೊಂದನ್ನು ಇಟ್ಟರು. ಮುಂದಿನ ಪ್ರಯೋಗಗಳಲ್ಲಿ ಕೆಲವು ಇಲಿಗಳು ಗಂಟೆಗೆ ಸಾವಿರಾರು ಸಾರಿ ಆ ಹಿಡಿಕೆಯನ್ನು ಒತ್ತಿದವು. ಹೊಟ್ಟೆಗೆ ಕಾಳಿಲ್ಲ, ಗಂಟಲಿಗೆ ನೀರಿಲ್ಲ. ಆದರೂ ಒತ್ತುತ್ತಲೇ ಇದ್ದವು. ಜೀವಿಯು ಯಾವುದನ್ನು ಮತ್ತೆ ಮಾಡಬೇಕು ಎಂಬುದನ್ನು ಕಲಿಸುವ ಮಾರ್ಗವೊಂದು ಮಿದುಳಿನೊಳಗೇ ಇದೆ ಎಂಬುದು ಹೀಗೆ ತಿಳಿಯಿತು. ಇದನ್ನು ಪ್ರತಿಫಲದ ಮಾರ್ಗವೆಂದು ಕರೆಯೋಣ. ಹಸಿದಾಗ ಉಂಡ ರೊಟ್ಟಿ, ಬಿಸಿಲಲ್ಲಿ ಕುಡಿದ ನೀರು, ಮಗುವಿನ ನಗೆ, ಹಿರಿಯರ ಶಹಬ್ಬಾಸ್ ಇವೆಲ್ಲ ಈ ಮಾರ್ಗವನ್ನು ಮುಟ್ಟುತ್ತವೆ. ಮದ್ಯ, ತಂಬಾಕಿನ ನಿಕೋಟಿನ್, ಅಫೀಮು ಇವುಗಳೂ ಇದೇ ಮಾರ್ಗವನ್ನು ಹಿಡಿಯುತ್ತವೆ. ಆದರೆ ದುಡಿಮೆಯಿಲ್ಲದೆ, ಮಿತಿಯಿಲ್ಲದೆ, ಒಮ್ಮೆಲೇ.

ಅದೇ ೧೯೫೪ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಆರಂಭವಾಯಿತು. ೧೯೭೪ರಲ್ಲಿ ಅದು ಅಲ್ಲಿನ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಎಂಬ ಹೆಸರು ಪಡೆಯಿತು. ಈ ಸಂಸ್ಥೆಯಲ್ಲಿ ಶಂಕರನಾರಾಯಣ ರಾವ್, ದೇಸಿರಾಜು, ಟಿ. ಆರ್. ರಾಜು, ಬಿ. ಎಲ್. ಮೇಟಿ ಮೊದಲಾದ ವಿಜ್ಞಾನಿಗಳು ಓಲ್ಡ್ಸರ ಪ್ರಯೋಗವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದರು. ಇಲಿಗಳಿಗೆ ದಿನಕ್ಕೆ ಒಂದು ತಾಸಿನಂತೆ ಹತ್ತು ದಿನ ಹಿಡಿಕೆ ಒತ್ತಲು ಬಿಟ್ಟು, ಆಮೇಲೆ ಅವುಗಳ ಮಿದುಳಿನ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನೆನಪಿಗೂ ಚಲನೆಗೂ ಸಂಬಂಧಿಸಿದ ಭಾಗಗಳಲ್ಲಿ ನರಕೋಶಗಳ ಕವಲುಗಳೇ ಹೆಚ್ಚಿದ್ದವು. ೧೯೯೩ರಿಂದ ಮುಂದೆ ಪ್ರಕಟವಾದ ಈ ಫಲಿತಾಂಶದ ಅರ್ಥವನ್ನು ಸ್ವಲ್ಪ ವಿಚಾರಿಸಿ. ಪ್ರತಿಫಲದ ಅನುಭವವು ಬಂದು ಹೋಗುವ ಗಾಳಿಯಲ್ಲ. ಅದು ಮಿದುಳಿನ ಆಕಾರದಲ್ಲಿಯೇ ಗುರುತು ಬಿಡುತ್ತದೆ. ಹತ್ತು ತಾಸುಗಳ ಅನುಭವ ಇಲಿಯಲ್ಲಿ ಇಷ್ಟು ಮಾಡಬಲ್ಲುದಾದರೆ, ಹತ್ತು ವರ್ಷಗಳ ರೂಢಿಯನ್ನು ಒಂದು ಆಣೆಯಿಂದ, ಒಂದು ಬೈಗುಳಿನಿಂದ ಅಳಿಸಿಹಾಕಬಹುದೆಂದು ನಾವು ತಿಳಿಯುವದು ಎಷ್ಟು ಸರಿ?

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಿಕೊಳ್ಳಬೇಕು. ಡೋಪಮಿನ್ ಎಂದರೆ ಸುಖದ ದ್ರವ್ಯವೆಂದು ಪತ್ರಿಕೆಗಳಲ್ಲಿ ಓದುತ್ತೇವೆ. ಮೊದಮೊದಲು ವಿಜ್ಞಾನಿಗಳೂ ಹಾಗೆಯೇ ತಿಳಿದಿದ್ದರು. ಸ್ವಿಟ್ಜರ್ಲೆಂಡಿನಲ್ಲಿ ವುಲ್ಫ್ರಾಮ್ ಶುಲ್ಟ್ಸ್ ಎಂಬವರು ಮಂಗಗಳ ಮೇಲೆ ನಡೆಸಿದ ಪ್ರಯೋಗಗಳು ಬೇರೆಯ ಕಥೆ ಹೇಳಿದವು. ಮಂಗಕ್ಕೆ ಹಣ್ಣಿನ ರಸದ ಹನಿ ಕೊಟ್ಟಾಗ ಅದರ ಡೋಪಮಿನ್ ಕೋಶಗಳು ಚುರುಕಾಗುತ್ತಿದ್ದವು. ರಸ ಬರುವ ಮೊದಲು ದೀಪ ಹೊತ್ತುವದೆಂದು ಮಂಗಕ್ಕೆ ರೂಢಿಯಾದ ಮೇಲೆ, ಕೋಶಗಳು ರಸಕ್ಕೆ ಸುಮ್ಮನಿದ್ದು, ದೀಪಕ್ಕೇ ಚುರುಕಾಗತೊಡಗಿದವು. ದೀಪ ಹೊತ್ತಿಯೂ ರಸ ಬಾರದಿದ್ದರೆ, ಅವು ಎಂದಿಗಿಂತ ಕೆಳಗೆ ಕುಸಿದವು. ನಮ್ಮ ಒಕ್ಕಲಿಗರಿಗೆ ಇದು ಹೊಸದಲ್ಲ. ಸಂಜೆ ನೊಗ ಬಿಚ್ಚಿ ಎತ್ತುಗಳ ಮುಖವನ್ನು ಊರಿನತ್ತ ತಿರುಗಿಸಿದ ಕೂಡಲೇ ಅವುಗಳ ಹೆಜ್ಜೆ ಬಿರುಸಾಗುತ್ತದೆ. ಮೇವು ಇನ್ನೂ ಅರ್ಧ ಹರದಾರಿ ದೂರವಿರುತ್ತದೆ. ಡೋಪಮಿನ್ ಉಂಡ ತೃಪ್ತಿಗಿಂತ ಹೆಚ್ಚಾಗಿ ಬೇಕೆಂಬ ಎಳೆತಕ್ಕೆ ಸಂಬಂಧಿಸಿದುದು.

ವ್ಯಸನಿಯ ಸಂಕಟದ ಗುಟ್ಟು ಇಲ್ಲಿಯೇ ಇದೆ. ಕುಡಿದು ಕುಡಿದು ಅವನಿಗೆ ಸಿಗುವ ಸುಖ ಕಡಿಮೆಯಾಗುತ್ತ ಹೋಗುತ್ತದೆ. ಎಳೆತ ಮಾತ್ರ ಹೆಚ್ಚುತ್ತ ಹೋಗುತ್ತದೆ. ಡೋಪಮಿನ್ ಸುದ್ದಿಯನ್ನು ಸ್ವೀಕರಿಸುವ ಬಾಗಿಲುಗಳೇ ಇಂಥವರ ಮಿದುಳಿನಲ್ಲಿ ಕಡಿಮೆಯಾಗಿರುವದನ್ನು ಅಮೆರಿಕೆಯ ನೋರಾ ವೋಲ್ಕೋವ್ ಮೊದಲಾದವರು ಚಿತ್ರ ತೆಗೆದು ತೋರಿಸಿದ್ದಾರೆ. ಆದುದರಿಂದಲೇ ಮನೆಯ ರೊಟ್ಟಿ, ಮಕ್ಕಳ ಮಾತು, ಹಬ್ಬದ ಹೋಳಿಗೆ ಯಾವುದೂ ಅವನಿಗೆ ರುಚಿಸದಂತಾಗುತ್ತದೆ. ಆರು ತಿಂಗಳು ಮುಟ್ಟದೆ ಇದ್ದವನು ಗುಡ್ಡಾಪುರದ ಜಾತ್ರೆಯಲ್ಲಿ ಹಳೆಯ ಗೆಳೆಯನ ದನಿ ಕೇಳಿದೊಡನೆ, ಅಥವಾ ಸಂಜೆ ಆರರ ಬಸ್ಸಿನಿಂದ ಇಳಿದು ಹಳೆಯ ತಿರುವು ಬಂದೊಡನೆ, ಕಾಲು ತಾನಾಗಿಯೇ ಆ ಕಡೆಗೆ ಎಳೆದಂತಾಗುವದು ಇದರಿಂದಲೇ. ಅದು ಮಂಗನ ದೀಪ, ಎತ್ತಿನ ದಾರಿ. ಅವನು ಮನೆಯವರನ್ನು ಪ್ರೀತಿಸುವದಿಲ್ಲವೆಂದು ಅದರ ಅರ್ಥವಲ್ಲ. ಬಿಟ್ಟವನು ಮತ್ತೆ ಹಿಡಿದರೆ, "ನಾಟಕ ಮಾಡಿದ" ಎನ್ನುವ ಬದಲು, ಉಪಚಾರ ಇನ್ನೂ ಮುಗಿದಿಲ್ಲವೆಂದು ತಿಳಿಯಬೇಕು. ಈ ಮಾತು ತಾಯಂದಿರು ಹಲ್ಲಿಗೆ ತಿಕ್ಕುವ ಮಿಸರಿಗೂ, ಹಿರಿಯರ ಅಂಗೈಯ ತಂಬಾಕು-ಸುಣ್ಣಕ್ಕೂ ಸಲ್ಲುತ್ತದೆ. ಒಬ್ಬರನ್ನು ಜರಿಯುವ ಮೊದಲು ನಮ್ಮ ಸೊಂಟದ ಚೀಲವನ್ನೊಮ್ಮೆ ಮುಟ್ಟಿ ನೋಡಿಕೊಳ್ಳುವದು ಒಳ್ಳೆಯದು.

ಇನ್ನು ಹುಡುಗನ ಪ್ರಶ್ನೆಗೆ ಬರೋಣ. ಇದು ರಕ್ತದಲ್ಲಿ ಬರುವದೇ?

ಕುಡಿಯುವ ತಂದೆಯ ಮನೆಯಲ್ಲಿ ಬೆಳೆದ ಮಗನು ಕುಡಿದರೆ, ಅವನು ಅದನ್ನು ಹುಟ್ಟಿನಿಂದ ಪಡೆದನೋ, ನೋಡಿ ಕಲಿತನೋ ಹೇಳುವದು ಕಷ್ಟ. ಇದನ್ನು ಬಿಡಿಸಲು ಡೊನಾಲ್ಡ್ ಗುಡ್ವಿನ್ ಎಂಬ ಅಮೆರಿಕೆಯ ವೈದ್ಯರು ಡೆನ್ಮಾರ್ಕ್ ದೇಶದ ದತ್ತಕದ ದಾಖಲೆಗಳನ್ನು ಹಿಡಿದರು. ಹುಟ್ಟಿದ ಆರು ವಾರಗಳೊಳಗೆ ತಂದೆ-ತಾಯಿಯರಿಂದ ಬೇರೆಯಾಗಿ ಪರರ ಮನೆಯಲ್ಲಿ ಬೆಳೆದ ಗಂಡುಮಕ್ಕಳನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿದರು. ಹೆತ್ತವರಲ್ಲಿ ಒಬ್ಬರು ಕುಡಿತದ ಕಾಯಿಲೆಗೆ ಒಳಗಾಗಿದ್ದ ೫೫ ಜನರಲ್ಲಿ ೧೦ ಜನರಿಗೆ ಆ ಕಾಯಿಲೆ ಬಂದಿತ್ತು. ಹೆತ್ತವರಿಗೆ ಆ ಕಾಯಿಲೆ ಇಲ್ಲದ ೭೮ ಜನರಲ್ಲಿ ಕೇವಲ ೪ ಜನರಿಗೆ ಬಂದಿತ್ತು. ೧೯೭೩ರಲ್ಲಿ ಪ್ರಕಟವಾದ ಈ ಲೆಕ್ಕದಿಂದ, ಹೆತ್ತವರನ್ನು ನೋಡದೆ ಬೆಳೆದ ಮಕ್ಕಳಲ್ಲಿಯೂ ಅಪಾಯವು ಮೂರು-ನಾಲ್ಕು ಪಟ್ಟು ಹೆಚ್ಚಾಗಿರುವದು ಸ್ಪಷ್ಟವಾಯಿತು. ಆದುದರಿಂದ, "ಏನೂ ಬರುವದಿಲ್ಲ" ಎಂದು ಹುಡುಗನಿಗೆ ಸುಳ್ಳು ಹೇಳಲು ನನಗೆ ಆಗದು. ಆದರೆ ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ಓದಿ. ೫೫ ಜನರಲ್ಲಿ ೪೫ ಜನರಿಗೆ ಆ ಕಾಯಿಲೆ ಬರಲಿಲ್ಲ! ಇದನ್ನು ನಮ್ಮ ಊರ ಕಟ್ಟೆಯ ಮೇಲೆ ಕುಳಿತು ಮಾತಾಡುವ ಯಾರೂ ಎಂದೂ ಹೇಳುವದಿಲ್ಲ.

ನಿಮ್ಹಾನ್ಸಿನಲ್ಲಿ ಡಾ. ವಿವೇಕ ಬೆನಗಲ್, ಡಾ. ಎಸ್. ಎಂ. ಚನ್ನಬಸವಣ್ಣ ಮೊದಲಾದವರು ಈ ಪ್ರಶ್ನೆಯನ್ನು ನಮ್ಮ ಜನರಲ್ಲಿಯೇ ಕೇಳಿನೋಡಿದರು. ನಾವು ಗಮನವಿಟ್ಟು ಆಲಿಸುತ್ತಿರುವಾಗ ಅಪರೂಪದ ಸದ್ದೊಂದು ಕೇಳಿದರೆ, ಒಂದು ಸೆಕೆಂಡಿನ ಹತ್ತರಲ್ಲಿ ಮೂರು ಭಾಗದಷ್ಟು ಕಾಲದ ನಂತರ ಮಿದುಳಿನಲ್ಲಿ ವಿದ್ಯುತ್ತಿನ ಸಣ್ಣ ಅಲೆಯೊಂದು ಏಳುತ್ತದೆ. ಕುಡಿತದ ಕಾಯಿಲೆಯಿರುವ ತಂದೆಯರ, ತಾವು ಇನ್ನೂ ಮದ್ಯ ಮುಟ್ಟದ ಚಿಕ್ಕ ಗಂಡುಮಕ್ಕಳಲ್ಲಿ ಈ ಅಲೆಯು ತಗ್ಗಾಗಿರುವದನ್ನು ೧೯೮೪ರಲ್ಲಿ ಅಮೆರಿಕೆಯ ಹೆನ್ರಿ ಬೆಗ್ಲೈಟರ್ ಕಂಡಿದ್ದರು. ಬೆಂಗಳೂರಿನವರು ೧೯೯೫ರಲ್ಲಿ ಪ್ರಕಟಿಸಿದ ಅಭ್ಯಾಸದಲ್ಲಿ, ವಂಶದ ಅಪಾಯ ಹೆಚ್ಚಿದಂತೆ ಈ ಅಲೆಯ ಎತ್ತರವು ತಗ್ಗುತ್ತ ಹೋಗುವದನ್ನು ತೋರಿಸಿದರು. ೨೦೦೭ರಲ್ಲಿ ಬೆನಗಲ್ ಮತ್ತು ಸಂಗಡಿಗರು, ಮದ್ಯವನ್ನೇ ಮುಟ್ಟದ ಆದರೆ ವಂಶದಲ್ಲಿ ಅಪಾಯವುಳ್ಳ ಯುವಕರ ಮಿದುಳಿನ ಕೆಲವು ಭಾಗಗಳು ಇತರರಿಗಿಂತ ಗಾತ್ರದಲ್ಲಿ ಸಣ್ಣವಾಗಿರುವದನ್ನು, ಅದಕ್ಕೂ ಅವರ ಚಂಚಲತೆ, ಅವಸರ, ನಿಯಮ ಮೀರುವ ಸ್ವಭಾವಗಳಿಗೂ ಸಂಬಂಧವಿರುವದನ್ನು ಕಂಡರು.

ಈ ಬರಹವನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿಟ್ಟು ಬಹಳ ಹೊತ್ತು ಕುಳಿತೆ. ಕುಳಿತಲ್ಲಿ ಕೂಡಲಾರದ, ಕೇಳುವ ಮೊದಲೇ ಕೂಗುವ ಆ ಹುಡುಗನು ನನ್ನ ಕಣ್ಣ ಮುಂದೆ ಬಂದನು. ಅವನಿಗೆ ವಂಶದಿಂದ ಬಂದುದು ಕುಡಿತವಲ್ಲ. ತನ್ನನ್ನು ತಾನು ತಡೆದುಕೊಳ್ಳುವದಕ್ಕೆ ಇತರರಿಗಿಂತ ಹೆಚ್ಚು ಹೊತ್ತು ಬೇಕಾಗುವ ಒಂದು ಸ್ವಭಾವ. ಅಂಥವನಿಗೆ ಶಾಲೆ, ಆಟ, ಕೈತುಂಬ ಕೆಲಸ, ಕಾಯುವ ಗುರು ಬೇಕಾಗಿದ್ದರು. ನಾನು ಅವನಿಗೆ ಒಂದು ಗಾದೆಯನ್ನು ಕೊಟ್ಟೆ.

ವಂಶವಾಹಿಗಳ ವಿಷಯದಲ್ಲಿ ಅವಸರದ ತೀರ್ಮಾನ ಮಾಡಿದವನು ನಾನೊಬ್ಬನೇ ಅಲ್ಲವೆಂಬುದು ಸ್ವಲ್ಪ ಸಮಾಧಾನದ ಸಂಗತಿ. ೧೯೯೦ರಲ್ಲಿ ಅಮೆರಿಕೆಯ ಕೆನೆತ್ ಬ್ಲಮ್, ಅರ್ನೆಸ್ಟ್ ನೋಬಲ್ ಮತ್ತು ಸಂಗಡಿಗರು, ಮೃತರಾದ ೭೦ ಜನರ ಮಿದುಳುಗಳನ್ನು ಪರೀಕ್ಷಿಸಿ, ಡೋಪಮಿನ್ ಬಾಗಿಲಿಗೆ ಸಂಬಂಧಿಸಿದ ವಂಶವಾಹಿಯ ಒಂದು ರೂಪವು ಕುಡಿತದ ಕಾಯಿಲೆಯುಳ್ಳವರಲ್ಲಿ ನೂರಕ್ಕೆ ೬೯ರಷ್ಟು, ಇತರರಲ್ಲಿ ನೂರಕ್ಕೆ ೨೦ರಷ್ಟು ಇರುವದೆಂದು ಪ್ರಕಟಿಸಿದರು. ಕುಡಿತದ ವಂಶವಾಹಿಯೇ ಸಿಕ್ಕಿತೆಂದು ಪತ್ರಿಕೆಗಳು ಕೂಗಿದವು. ಆದರೆ ಅದೇ ವರ್ಷವೇ ಬೇರೆ ವಿಜ್ಞಾನಿಗಳು ಹುಡುಕಿದಾಗ ಆ ಅಂತರ ಕಾಣಲಿಲ್ಲ. ಮುಂದೆ ಸಾವಿರಾರು ಜನರ ಮೇಲೆ ನಡೆದ ಶೋಧಗಳಿಂದ ತಿಳಿದುಬಂದುದೇನೆಂದರೆ, ವ್ಯಸನಕ್ಕೆ ಒಂದೇ ವಂಶವಾಹಿ ಎಂಬುದಿಲ್ಲ. ಅನೇಕ ವಂಶವಾಹಿಗಳು ತಲಾ ಒಂದಿಷ್ಟು ಪಾಲು ಹಾಕುತ್ತವೆ. ಚೀನ, ಜಪಾನ್ ಮೊದಲಾದ ದೇಶಗಳಲ್ಲಿ ಅನೇಕರಿಗೆ ಇದಕ್ಕೆ ವಿರುದ್ಧವಾದ ವಂಶವಾಹಿಯೊಂದಿದೆ. ಅವರು ತುಸು ಕುಡಿದರೂ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಹೊಟ್ಟೆ ತೊಳಸುತ್ತದೆ. ಹೀಗಾಗಿ ಕುಡಿತದ ಕಾಯಿಲೆ ಅವರಲ್ಲಿ ಕಡಿಮೆ. ಅಂದರೆ ವಂಶವು ಎಳೆಯಲೂ ಬಲ್ಲುದು, ಕಾಯಲೂ ಬಲ್ಲುದು. ಅವಳಿ-ಜವಳಿ ಮಕ್ಕಳ ಅಭ್ಯಾಸಗಳನ್ನೆಲ್ಲ ಕೂಡಿಸಿ ನೋಡಿದರೆ, ಜನರಲ್ಲಿ ಕಾಣುವ ಈ ಅಪಾಯದ ಹೆಚ್ಚು-ಕಡಿಮೆಗೆ ಸುಮಾರು ಅರ್ಧ ಕಾರಣ ವಂಶ. ಉಳಿದ ಅರ್ಧ ಸುತ್ತಲಿನ ಬದುಕು.

ಸುತ್ತಲಿನ ಬದುಕಿನ ಬಲವೆಷ್ಟೆಂಬುದಕ್ಕೆ ಒಂದು ಉದಾಹರಣೆ ಸಾಕು. ವಿಯೆಟ್ನಾಮ್ ಯುದ್ಧದಲ್ಲಿದ್ದ ಅಮೆರಿಕೆಯ ಸೈನಿಕರಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಜನ ಹೆರಾಯಿನ್ ಮೊದಲಾದ ಅಫೀಮಿನ ಪದಾರ್ಥಗಳಿಗೆ ದಾಸರಾಗಿದ್ದರು. ೧೯೭೧ರಲ್ಲಿ ಮರಳಿದವರನ್ನು ಲೀ ರಾಬಿನ್ಸ್ ಎಂಬ ವಿದುಷಿ ಹಿಂಬಾಲಿಸಿ ವಿಚಾರಿಸಿದರು. ಹಾಗೆ ದಾಸರಾಗಿದ್ದವರಲ್ಲಿ ಮೊದಲ ವರ್ಷ ಮತ್ತೆ ದಾಸರಾದವರು ನೂರಕ್ಕೆ ಸುಮಾರು ೫ ಜನ ಮಾತ್ರ. ಯುದ್ಧದ ಭಯ, ಬೇಸರ, ಅಗ್ಗದ ಸರಕು ಇವು ಹಿಂದೆ ಉಳಿದವು. ಮನೆ, ಉದ್ಯೋಗ, ಹೆಂಡಿರು-ಮಕ್ಕಳು ಮುಂದೆ ಬಂದರು. ಬಹುಜನರ ಚಟವು ಸ್ಥಳದೊಡನೆ ಹೋಯಿತು.

ಹಾಗಾದರೆ ನಮ್ಮ ಸ್ಥಳವೆಂಥದು? ಜತ್ತ ಸಂಸ್ಥಾನವು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮರುವರ್ಷವೇ ಮುಂಬಯಿಯ ಪಾನಪ್ರತಿಬಂಧದ ಕಾಯಿದೆ ಬಂದಿತು. ಹಿರಿಯರು ಅಂದಿನ ಹಾತಭಟ್ಟಿಯ ಕಥೆಗಳನ್ನು ಬಲ್ಲರು. ಅತ್ತ ಕರ್ನಾಟಕವು ೨೦೦೭ರ ಜುಲೈ ೧ರಿಂದ ಸರಾಯಿಯನ್ನು ನಿಲ್ಲಿಸಿತು. ಗಡಿಯ ಈಚೆಗೊಂದು ಕಾಯಿದೆ, ಆಚೆಗೊಂದು ಕಾಯಿದೆ. ನಡುವೆ ಬಾಟಲಿಗೆ ಭಾಷೆಯ ಹಂಗಿಲ್ಲ, ಗಡಿಯ ತಡೆಯಿಲ್ಲ. ಮಳೆ ಕೈಕೊಟ್ಟ ವರ್ಷ ನಮ್ಮ ಜನ ಗಂಟುಮೂಟೆ ಕಟ್ಟಿಕೊಂಡು ಕಬ್ಬು ಕಡಿಯಲು ಹೋಗುತ್ತಾರೆ. ನಸುಕಿನಿಂದ ರಾತ್ರಿಯವರೆಗೆ ದುಡಿತ, ಮೈಕೈ ನೋವು, ಗುಡಿಸಲಲ್ಲಿ ಚಳಿ. ಹದಿನೈದರ ಹುಡುಗನಿಗೂ ಸಂಗಡಿಗರು ನೋವಿಗೆ ಔಷಧವೆಂದು ಮೊದಲ ಗುಟುಕು ಕೊಡುತ್ತಾರೆ. ಈಗಂತೂ ಮೋಬೈಲಿನಲ್ಲಿ ಹಣವಿಟ್ಟು ಆಡುವ ಜೂಜೂ ಇದೇ ಪ್ರತಿಫಲದ ಮಾರ್ಗವನ್ನು ಹಿಡಿಯಿತು. ಕೇಂದ್ರ ಸರಕಾರವು ೨೦೨೫ರಲ್ಲಿ ಕಾಯಿದೆಯನ್ನೇ ಮಾಡಿ ಅದನ್ನು ನಿಷೇಧಿಸಬೇಕಾಯಿತು.

ಹೀಗಿರುವಾಗ ಮನೆಯಲ್ಲಿ ನಾವು ಮಾಡಬಹುದಾದುದೇನು? ಮೂರು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲನೆಯದು, ಮೊದಲ ಗುಟುಕನ್ನು ಮುಂದೂಡುವದು. ಅಮೆರಿಕೆಯಲ್ಲಿ ೧೯೯೭ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರ ಪ್ರಕಾರ, ಹದಿನೈದು ತುಂಬುವ ಮೊದಲೇ ಕುಡಿಯಲಾರಂಭಿಸಿದವರಲ್ಲಿ ನೂರಕ್ಕೆ ೪೦ಕ್ಕೂ ಹೆಚ್ಚು ಜನ ಮುಂದೆ ಅದಕ್ಕೆ ದಾಸರಾದರು. ಇಪ್ಪತ್ತರ ನಂತರ ಆರಂಭಿಸಿದವರಲ್ಲಿ ನೂರಕ್ಕೆ ಸುಮಾರು ೧೦ ಜನ. ಬೆಳೆಯುವ ಮಿದುಳು ಹಸಿಮಣ್ಣಿನ ಗೋಡೆಯಂತೆ. ಬೆರಳಿಟ್ಟಲ್ಲಿ ಗುರುತು ಉಳಿಯುತ್ತದೆ. ಯಾವ ಮನೆಯಲ್ಲಿ ವಂಶದ ಅಪಾಯವಿದೆಯೋ ಆ ಮನೆಯ ಮಗನಿಗೆ ಮೊದಲ ಗುಟುಕೇ ಬೇಡವೆಂಬುದು ಉತ್ತಮ. ಮದುವೆ-ಮುಂಜಿವೆಗಳಲ್ಲಿ ಸೋದರಮಾವನ ಪ್ರೀತಿಯೆಂದು ಹುಡುಗರ ಕೈಗೆ ಲೋಟ ಕೊಡುವ ಪದ್ಧತಿಯನ್ನು ನಿಲ್ಲಿಸಿರಿ.

ಎರಡನೆಯದು, ಮುಚ್ಚಿಡದೆ ಹೇಳುವದು. ಅಜ್ಜನಿಗೆ ಸಕ್ಕರೆ ಕಾಯಿಲೆಯಿದ್ದರೆ ಮೊಮ್ಮಗನಿಗೆ ಹೇಳುತ್ತೇವೆ; ನೀನು ಜೋ‍ಪಾನವಾಗಿರು ಎನ್ನುತ್ತೇವೆ. ಕುಡಿತದ ಕಾಯಿಲೆಯನ್ನು ಮಾತ್ರ ಮನೆಯಲ್ಲಿ ಮುಚ್ಚಿಡುತ್ತೇವೆ, ಆದುದರಿಂದ ಮಕ್ಕಳು ಅದನ್ನು ಊರವರ ಬಾಯಿಂದ ಬೈಗುಳಾಗಿ ಕೇಳುತ್ತಾರೆ. ತಾಯಿಯೋ ತಂದೆಯೋ ಹತ್ತಿರ ಕೂಡ್ರಿಸಿಕೊಂಡು ಹೇಳಿದರೆ ಅದು ಎಚ್ಚರಿಕೆಯಾಗುತ್ತದೆ. ಕಟ್ಟೆಯ ಮೇಲಿನವರು ಹೇಳಿದರೆ ಅದು ಶಾಪವಾಗುತ್ತದೆ.

ಮೂರನೆಯದು, ಕಾಯಿಲೆಯೆಂದು ತಿಳಿದು ಉಪಚಾರ ಮಾಡಿಸುವದು. ನಿಮ್ಹಾನ್ಸ್ ೨೦೧೫-೧೬ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಕುಡಿತದ ಕಾಯಿಲೆಯುಳ್ಳ ನೂರು ಜನರಲ್ಲಿ ಸುಮಾರು ೮೬ ಜನರಿಗೆ ಉಪಚಾರವೇ ದೊರೆತಿರಲಿಲ್ಲ. ಬಹಳ ದಿನಗಳಿಂದ ಹೆಚ್ಚು ಕುಡಿಯುವವನನ್ನು ಕೋಣೆಯಲ್ಲಿ ಹಾಕಿ ಒಮ್ಮೆಲೇ ಬಿಡಿಸಬೇಡಿರಿ; ಕೈ ನಡುಕ, ಮೂರ್ಛೆ, ಬುದ್ಧಿಭ್ರಮೆ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ವೈದ್ಯರ ಕಣ್ಣ ಮುಂದೆ ಬಿಡಿಸಬೇಕು. ಊಟದಲ್ಲಿ ಗುಟ್ಟಾಗಿ ಪುಡಿ ಬೆರೆಸುವದನ್ನಂತೂ ಮಾಡಲೇಬೇಡಿರಿ. ಅಂಥ ಕೆಲವು ಔಷಧಗಳ ಮೇಲೆ ಅರಿಯದೆ ಕುಡಿದವನ ಜೀವವೇ ಹೋಗಬಹುದು. ಎಳೆತವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮೊದಲಾದ ಔಷಧಗಳು ಇಂದು ಇವೆ. ಅವುಗಳನ್ನು ವೈದ್ಯರೇ ಕೊಡಬೇಕು. ಔಷಧದ ಜೊತೆಗೆ ಮಾತು ಬೇಕು, ಮನೆಯವರು ಬೇಕು, ಸಂಜೆಯ ಹೊತ್ತು ಕೈಗೆ ಕೆಲಸ ಬೇಕು. ಮನಸ್ಸಿನ ನೋವನ್ನು ಹೇಳಿಕೊಳ್ಳಲು ತಾಯ್ನುಡಿಯಂಥ ಸಾಧನ ಬೇರೊಂದಿಲ್ಲ. ಧಾರವಾಡದ ಡಿಮ್ಹಾನ್ಸಿಗೋ ಬೆಂಗಳೂರಿನ ನಿಮ್ಹಾನ್ಸಿಗೋ ಹೋಗಲು ಅನುಕೂಲವಿಲ್ಲದವರು ೧೪೪೧೬ ಎಂಬ ಟೆಲಿ-ಮಾನಸ್ ಸಂಖ್ಯೆಗೆ ಹಗಲು ರಾತ್ರಿ ಎನ್ನದೆ ಬಿಟ್ಟಿಯಾಗಿ ಫೋನು ಮಾಡಬಹುದು. ೨೦೨೨ರ ಅಕ್ಟೋಬರದಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಈ ಸೇವೆಯ ಭಾಷೆಗಳಲ್ಲಿ ಮರಾಠಿಯೂ ಇದೆ, ನಮ್ಮ ಕನ್ನಡವೂ ಇದೆ.

ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ. ಕೆಲವು ದಿನಗಳ ಹಿಂದೆ ಆ ಹುಡುಗನನ್ನೂ ಅವನ ತಂದೆಯನ್ನೂ ಕೂಡಿಯೇ ಮನೆಗೆ ಕರೆದೆ. ಮೊದಲು ತಂದೆಯ ಕಡೆಗೆ ತಿರುಗಿ, ಅಂದು ವರ್ಗದಲ್ಲಿ ಆಡಿದ ಮಾತಿಗಾಗಿ ಕ್ಷಮೆ ಕೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಆ ಮಾತು ನನಗ ಇನ್ನೂ ನೆನಪೈತ್ರಿ ಗುರುಗಳ" ಎಂದಷ್ಟೇ ಹೇಳಿದನು. ಕ್ಷಮಿಸಿದೆನೆಂದು ಹೇಳಲಿಲ್ಲ, ಹೇಳಬೇಕೆಂದು ನಾನು ಬಯಸಲೂ ಇಲ್ಲ. ಆಮೇಲೆ ಮಗನಿಗೆ ಹೇಳಿದೆ: "ನಿನ್ನ ಪಾಲಿಗೆ ಬಂದ ನೂಲು ಇತರರಿಗಿಂತ ತುಸು ಬೇಗ ಹರಿಯುವಂಥದು. ಅದು ಖರೆ. ಆದರ ಸೀರೆ ಇನ್ನೂ ನೇಯ್ದಿಲ್ಲ. ಮಗ್ಗ ನಿನ್ನ ಕೈಯಾಗ ಐತಿ. ನಮ್ಮ ಕೈಯಾಗೂ ಐತಿ."

ಆ ಹುಡುಗನು ಈಗ ಮುಂದಿನ ಶಿಕ್ಷಣಕ್ಕಾಗಿ ವಿಜಯಪುರಕ್ಕೆ ಹೋಗಿದ್ದಾನೆ. ಶನಿವಾರದ ಸಂಜೆಯ ಬಸ್ಸಿಗೆ ಅವನ ತಂದೆಯೇ ನಿಲ್ದಾಣಕ್ಕೆ ಹೋಗಿ ನಿಲ್ಲುವನು. ಹಿಂದೊಮ್ಮೆ ಅದೇ ಹೊತ್ತಿಗೆ ಅವನ ಕಾಲು ಬೇರೆ ಕಡೆಗೆ ಎಳೆಯುತ್ತಿತ್ತು. ಇಂಥ ತಂದೆ-ಮಕ್ಕಳು ನಮ್ಮ ಓಣಿ ಓಣಿಗಳಲ್ಲಿಯೂ ಇದ್ದಾರೆ. ಅವರಿಗೆ ಬೈಗುಳು ಸಾಕಷ್ಟು ಸಿಕ್ಕಿದೆ. ಇನ್ನು ಮೇಲೆ ತಿಳಿವಳಿಕೆ ಸಿಗಲಿ.